ಬಾಲಬೋಧೆಯಲ್ಲಿ ಜೀವದಯೆ: ಐದು ಅತಿಚಾರಗಳ ಪಾಠ

ಜೈನ ಪಾಠಶಾಲೆಗಳಲ್ಲಿ ಎಳೆಯ ಮಕ್ಕಳಿಗೆ ಕಲಿಸುವ ಮೊದಲ ಪಾಠಗಳಲ್ಲಿ ಇಂದ್ರಿಯಗಣನೆಯೂ ಒಂದು. ಗಿಡಕ್ಕೆ ಒಂದು, ಶಂಖದ ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಹಸುವಿಗೂ ಮನುಷ್ಯನಿಗೂ ಐದು. ಲೆಕ್ಕ ಸುಲಭವಾದುದರಿಂದ ಮಕ್ಕಳು ಬೇಗನೆ ಒಪ್ಪಿಸಿಬಿಡುತ್ತಾರೆ. ಆದರೆ ಹಸುವಿಗೆ ಐದು ಇಂದ್ರಿಯಗಳೆಂದು ಬಲ್ಲ ಮಗುವಿಗೆ ಆ ಹಸುವಿಗೆ ಏನು ಬೇಕೆಂಬುದೂ ತಿಳಿದಿದೆಯೆಂದು ಭಾವಿಸಲಾಗದು. ಪೂರ್ವಾಚಾರ್ಯರು ಈ ಎರಡನೆಯ ಪ್ರಶ್ನೆಯನ್ನು ಕೈಬಿಟ್ಟವರಲ್ಲ.

ಹತ್ತನೆಯ ಶತಮಾನದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ರಚಿಸಿದ ಗೊಮ್ಮಟಸಾರದ ಜೀವಕಾಂಡದಲ್ಲಿ ಇಂದ್ರಿಯಗಳೊಡನೆ ಪ್ರಾಣ, ಸಂಜ್ಞೆಗಳ ವಿವೇಚನೆಯೂ ಇದೆ. ಗಿಡಕ್ಕೆ ಇಂದ್ರಿಯ ಒಂದೇ ಆದರೂ ಪ್ರಾಣಗಳು ನಾಲ್ಕು: ಸ್ಪರ್ಶ, ಕಾಯಬಲ, ಶ್ವಾಸೋಚ್ಛ್ವಾಸ, ಆಯುಸ್ಸು. ಆಹಾರ, ಭಯ, ಮೈಥುನ, ಪರಿಗ್ರಹವೆಂಬ ನಾಲ್ಕು ಸಂಜ್ಞೆಗಳು ಏಕೇಂದ್ರಿಯ ಮೊದಲ್ಗೊಂಡು ಸಂಸಾರಿ ಜೀವಗಳನ್ನು ಕಾಡುತ್ತವೆ. ಎಳೆಯರಿಗೆ ಮೊದಲಿನ ಎರಡೇ ಸಾಕು. ಹಸಿವನ್ನೂ ಹೆದರಿಕೆಯನ್ನೂ ಮಗುವಿಗೆ ಯಾರೂ ವಿವರಿಸಬೇಕಾಗಿಲ್ಲ. 1359ರಲ್ಲಿ ಕೇಶವವರ್ಣಿಯು ಈ ಗ್ರಂಥಕ್ಕೆ ಕನ್ನಡ ವೃತ್ತಿಯನ್ನು ಬರೆದು ಮುಗಿಸಿದನು.

ಆದರೂ ಬಾಲಬೋಧೆಗೆ ಹೆಚ್ಚು ಒದಗುವುದು ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯ. ಅಹಿಂಸಾಣುವ್ರತಕ್ಕೆ ಅಲ್ಲಿ ಐದು ಅತಿಚಾರಗಳು ಹೇಳಲ್ಪಟ್ಟಿವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಇವನ್ನು ಬಿಡಿಸಿ ಹೇಳಿರುವ ರೀತಿ ಬಹಳ ನೇರವಾದುದು. ಬಂಧವೆಂದರೆ ಪ್ರಾಣಿಯು ತಾನು ಬಯಸಿದೆಡೆಗೆ ಹೋಗದಂತೆ ತಡೆಯುವುದು. ವಧವೆಂಬಲ್ಲಿ ಕೊಲೆಯ ಅರ್ಥವಿಲ್ಲ, ಕೊಲೆಯನ್ನು ವ್ರತಿಯು ಮೊದಲೇ ತ್ಯಜಿಸಿರುತ್ತಾನೆ. ಕೋಲು, ಚಾವಟಿ, ಬೆತ್ತಗಳಿಂದ ಹೊಡೆಯುವುದೇ ಇಲ್ಲಿನ ವಧ. ಛೇದವೆಂದರೆ ಕಿವಿ ಮೂಗು ಮೊದಲಾದ ಅವಯವಗಳನ್ನು ಕತ್ತರಿಸುವುದು. ನ್ಯಾಯವಾದ ಹೊರೆಗಿಂತ ಮಿಗಿಲಾಗಿ ಹೊರಿಸಿದರೆ ಅತಿಭಾರ. ಹಸು ಮೊದಲಾದವುಗಳಿಗೆ ಹಸಿವು ಬಾಯಾರಿಕೆಗಳ ಬಾಧೆಯುಂಟುಮಾಡುವುದು ಅನ್ನಪಾನನಿರೋಧ.

ವಧ ಶಬ್ದದ ಈ ವಿವರಣೆ ಶ್ರಾವಕರ ಮನೆಗಳಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಮಾಂಸವನ್ನು ಮುಟ್ಟದ, ಇರುವೆಯನ್ನೂ ತುಳಿಯದ ಮನೆಯ ಹುಡುಗನು ಕರುವಿಗೆ ಕೋಲಿನಿಂದ ಬಾರಿಸುವುದುಂಟು. ನಾಯಿಮರಿಯನ್ನು ಬಿಸಿಲಿನಲ್ಲಿ ಕಟ್ಟಿ ನೀರಿಡಲು ಮರೆಯುವುದುಂಟು. ಕೊಲ್ಲಬಾರದೆಂಬ ಮಾತಷ್ಟನ್ನೇ ಕೇಳಿ ಬೆಳೆದವನಿಗೆ ತಾನು ಮಾಡಿದ್ದು ವ್ರತದೋಷವೆಂದು ಹೊಳೆಯುವ ಬಗೆಯಾದರೂ ಹೇಗೆ? ಐದು ಅತಿಚಾರಗಳನ್ನು ತಿರುಗಿಸಿ ಓದಿದರೆ ಅವೇ ಜೀವದ ಅಗತ್ಯಗಳ ಪಟ್ಟಿ: ಓಡಾಡಲು ಎಡೆ, ನೋವಿಲ್ಲದ ಮೈ, ಊನವಾಗದ ಅಂಗಾಂಗ, ಅಳವಿಗೆ ತಕ್ಕ ದುಡಿಮೆ, ಹೊತ್ತಿಗೆ ಸರಿಯಾಗಿ ಮೇವು ನೀರು. ಗೋಶಾಲೆ ನಡೆಸುವ ಬಸದಿಗಳಿಗೂ ಈ ಪಟ್ಟಿ ಪರಕೀಯವಲ್ಲ.

ಇದಕ್ಕೆ ತಕ್ಕ ವಯಸ್ಸು ಯಾವುದು? ಒಂಬತ್ತನೆಯ ಶತಮಾನದ ಜಿನಸೇನಾಚಾರ್ಯರು ಆದಿಪುರಾಣದಲ್ಲಿ ಐದನೆಯ ವರ್ಷಕ್ಕೆ ಲಿಪಿಸಂಖ್ಯಾನವನ್ನೂ ಎಂಟನೆಯ ವರ್ಷಕ್ಕೆ ಉಪನೀತಿಯನ್ನೂ ಹೇಳಿದ್ದಾರೆ. ಅಕ್ಷರಾರಂಭಕ್ಕೂ ಉಪನೀತಿಗೂ ನಡುವಿನ ಆ ಮೂರು ವರ್ಷಗಳು ಕಂಠಪಾಠಕ್ಕಿಂತ ಕೈಯ ಅಭ್ಯಾಸಕ್ಕೆ ಹೆಚ್ಚು ಒಪ್ಪುವಂಥವು. ಕೊಟ್ಟಿಗೆಯ ಬಾನಿಗೆ ನೀರು ತುಂಬುವ ಕೆಲಸ ಆರು ವರ್ಷದ ಮಗುವಿಗೆ ಭಾರವೇನಲ್ಲ.

1960ರಲ್ಲಿ ಭಾರತದ ಸಂಸತ್ತು ಪ್ರಾಣಿಹಿಂಸೆಯನ್ನು ತಡೆಯುವ ಕಾಯಿದೆಯನ್ನು ಅಂಗೀಕರಿಸಿತು. ಅದರ 11ನೆಯ ಕಲಮಿನ ಅಪರಾಧಗಳಲ್ಲಿ ಹೊಡೆಯುವುದು, ಮಿತಿಮೀರಿ ಹೇರುವುದು, ಗಿಡ್ಡ ಹಗ್ಗದಲ್ಲಿ ಬಹುಹೊತ್ತು ಕಟ್ಟಿಹಾಕುವುದು, ಅಂಗಚ್ಛೇದ, ಸಾಕಷ್ಟು ಆಹಾರ, ನೀರು, ಆಶ್ರಯ ಒದಗಿಸದಿರುವುದು ಸೇರಿವೆ. ಇವುಗಳಲ್ಲಿ ಆಶ್ರಯವೊಂದನ್ನು ಬಿಟ್ಟರೆ ಉಳಿದವೆಲ್ಲವೂ ಉಮಾಸ್ವಾಮಿಗಳ ಒಂದೇ ಸೂತ್ರದಲ್ಲಿ ಅಡಗಿದ್ದವು.