ಹುಲ್ಲುಗಾವಲಿನಲ್ಲಿ ಗೆದ್ದಲು ಹಾಗೂ ಸಗಣಿ ಹುಳುಗಳ ಜೀವನ

ಪೀಠಿಕೆ
ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳು ರಾಜ್ಯದ ಪೂರ್ವ ಒಣ ವಲಯಕ್ಕೆ ಸೇರಿವೆ. ವರ್ಷವಿಡೀ ಹರಿಯುವ ನದಿ ಇಲ್ಲಿಲ್ಲ. ಹೈನುಗಾರಿಕೆ ಹಾಗೂ ಕುರಿ ಸಾಕಣೆಯನ್ನು ನೆಚ್ಚಿದ ಕುಟುಂಬಗಳಿಗೆ ಗೋಮಾಳದ ಹುಲ್ಲು ಮುಖ್ಯ ಮೇವಾಗಿದೆ. ಈ ಹುಲ್ಲು ಮರಳಿ ಚಿಗುರುವುದರಲ್ಲಿ ಎರಡು ಬಗೆಯ ಕೀಟಗಳ ಪಾತ್ರ ಹಿರಿದು.

ಗೆದ್ದಲು
ಗೆದ್ದಲಿನ ಗೂಡಿನಲ್ಲಿ ರಾಣಿ, ರಾಜ, ಕೆಲಸಗಾರ ಹಾಗೂ ಸೈನಿಕ ಎಂಬ ವರ್ಗಗಳಿವೆ. ಹುತ್ತ ಕಟ್ಟುವ ಒಡಾಂಟೋಟರ್ಮಿಸ್ ಕುಲದ ಗೆದ್ದಲು ಒಣಹುಲ್ಲು, ತರಗೆಲೆ ಹಾಗೂ ಒಣಗಿದ ಸಗಣಿಯನ್ನು ಆಹಾರವಾಗಿಸಿಕೊಂಡು, ಹುತ್ತದೊಳಗೆ ಶಿಲೀಂಧ್ರವನ್ನು ಬೆಳೆಸುತ್ತದೆ. ಗಡುಸಾದ ನಾರನ್ನು ಶಿಲೀಂಧ್ರವು ಮೆದುಗೊಳಿಸಿದ ನಂತರ ಗೆದ್ದಲು ಅದನ್ನು ತಿನ್ನುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆಯು ಇದೇ ಶಿಲೀಂಧ್ರದ್ದಾಗಿದೆ. ಮಳೆ ಬಿದ್ದಾಗ ಹೊರಬರುವ ರೆಕ್ಕೆಯ ಗೆದ್ದಲು, ಅಂದರೆ ಈಸಲು, ಹಕ್ಕಿ, ಕಪ್ಪೆ ಹಾಗೂ ಹಲ್ಲಿಗಳಿಗೆ ಆಹಾರ. ಗೆದ್ದಲು ಕೊರೆದ ಸುರಂಗಗಳ ಮೂಲಕ ಮಳೆನೀರು ಗಟ್ಟಿ ನೆಲದೊಳಕ್ಕೆ ಇಳಿಯುತ್ತದೆ.

ಸಗಣಿ ಹುಳು
ಇವುಗಳಲ್ಲಿ ಮೂರು ಬಗೆಗಳಿವೆ.
1. ಸಗಣಿಯನ್ನು ಉಂಡೆ ಮಾಡಿ ದೂರಕ್ಕೆ ಉರುಳಿಸಿ ಹೂಳುವವು.
2. ಸಗಣಿಯ ಅಡಿಯಲ್ಲೇ ಬಿಲ ತೋಡಿ ಒಳಕ್ಕೆ ಸಾಗಿಸುವವು.
3. ಸಗಣಿಯೊಳಗೇ ಬಾಳುವವು.
ಹೂಳಿದ ಸಗಣಿಯಲ್ಲಿ ಹುಳು ಮೊಟ್ಟೆಯಿಡುತ್ತದೆ. ಮರಿಗೆ ಅದೇ ಆಹಾರ. ಇದರಿಂದ ಗೊಬ್ಬರವು ಹುಲ್ಲಿನ ಬೇರಿಗೆ ತಲುಪುತ್ತದೆ ಹಾಗೂ ಸಗಣಿಯಲ್ಲಿ ಬೆಳೆಯುವ ನೊಣಗಳು ಕಡಿಮೆಯಾಗುತ್ತವೆ. ಆಸ್ಟ್ರೇಲಿಯಾದ ಸ್ಥಳೀಯ ಹುಳುಗಳಿಗೆ ದನದ ಸಗಣಿ ಒಗ್ಗದ ಕಾರಣ, ಅಲ್ಲಿ 1968ರಿಂದ ಹೊರನಾಡಿನ ಸಗಣಿ ಹುಳುಗಳನ್ನು ತಂದು ಬಿಡಲಾಯಿತು. ನಮ್ಮ ಗೋಮಾಳಗಳಲ್ಲಿ ಈ ಸೇವೆ ವೆಚ್ಚವಿಲ್ಲದೆ ದೊರೆಯುತ್ತಿದೆ.

ಕೀಟಗಳಿಗೆ ಒದಗುವ ಅಪಾಯ
ಗೋಮಾಳದ ಒತ್ತುವರಿ, ಉಳುಮೆ ಹಾಗೂ ನೀಲಗಿರಿ ನೆಡುತೋಪುಗಳಿಂದ ಇವುಗಳ ನೆಲೆ ಕುಗ್ಗುತ್ತದೆ. ಹೊಸದಾಗಿ ನೀಲಗಿರಿ ಬೆಳೆಸುವುದನ್ನು ರಾಜ್ಯ ಸರ್ಕಾರವು 2017ರಲ್ಲಿ ನಿಷೇಧಿಸಿತು. ಜಾನುವಾರುಗಳಿಗೆ ನೀಡುವ ಐವರ್‌ಮೆಕ್ಟಿನ್ ಔಷಧದ ಅಂಶವು ಸಗಣಿಯಲ್ಲಿ ಉಳಿದು ಸಗಣಿ ಹುಳುವಿನ ಮರಿಗಳನ್ನು ಕೊಲ್ಲುತ್ತದೆ.

ಸಾರ್ವಜನಿಕರ ಗಮನಕ್ಕೆ
* ಗೋಮಾಳದಲ್ಲಿರುವ ಹುತ್ತಗಳನ್ನು ಅಗೆಯಬಾರದು, ಅವುಗಳಿಗೆ ಕೀಟನಾಶಕ ಸುರಿಯಬಾರದು. ಗೆದ್ದಲಿನ ಕೆಲವು ಜಾತಿಗಳು ಮಾತ್ರ ಬೆಳೆಗೆ ಹಾನಿ ಮಾಡುತ್ತವೆ.
* ಜಂತುನಾಶಕ ಔಷಧವನ್ನು ಪಶುವೈದ್ಯರ ಸಲಹೆಯಂತೆ ಮಾತ್ರ ನೀಡತಕ್ಕದ್ದು.
* ಬೇಸಿಗೆಯಲ್ಲಿ ಒಣಹುಲ್ಲಿಗೆ ಬೆಂಕಿ ಹಚ್ಚಬಾರದು.
* ಕರ್ನಾಟಕ ಭೂ ಕಂದಾಯ ನಿಯಮಗಳು, 1966ರ ನಿಯಮ 97 ಪ್ರತಿ 100 ಜಾನುವಾರುಗಳಿಗೆ 12 ಹೆಕ್ಟೇರ್ ಉಚಿತ ಹುಲ್ಲುಗಾವಲು ಎಂಬ ಪ್ರಮಾಣವನ್ನು ಗೊತ್ತುಪಡಿಸಿದೆ. ತಮ್ಮ ಗ್ರಾಮದ ಗೋಮಾಳದ ವಿಸ್ತೀರ್ಣವನ್ನು ಪಹಣಿಯಲ್ಲಿ ನೋಡಬಹುದು. ಒತ್ತುವರಿ ಕಂಡುಬಂದಲ್ಲಿ, ಸರ್ವೆ ನಂಬರನ್ನು ನಮೂದಿಸಿ ಸಂಬಂಧಪಟ್ಟ ತಾಲ್ಲೂಕಿನ ತಹಶೀಲ್ದಾರರಿಗೆ ಲಿಖಿತ ದೂರು ಸಲ್ಲಿಸಬಹುದಾಗಿದೆ.