ಬೆಳಕಿನ ಬಿಡಿ ಪದರಗಳು: ಡಿಜಿಟಲ್ ಶಿಲ್ಪದ ರೆಂಡರ್ ಪಾಸ್‌ಗಳಲ್ಲಿ ಸಂಕಲನ ಮತ್ತು ಗುಣಾಕಾರ

ಸಾರಾಂಶ

ಝೀಬ್ರಷ್‌ನಲ್ಲಿ ರೂಪಿಸಿದ ಶಿಲ್ಪವನ್ನು ಹಲವು ಪಾಸ್‌ಗಳಾಗಿ ರೆಂಡರ್ ಮಾಡಿ, ಫೋಟೋಶಾಪ್‌ನಲ್ಲಿ ಪದರಗಳಾಗಿ ಪೇರಿಸಿ ಒಂದು ಚಿತ್ರವಾಗಿಸುವುದು ಕಲಾವಿದರಲ್ಲಿ ರೂಢಿಯಲ್ಲಿರುವ ಕ್ರಮ. ಈ ಪಾಸ್‌ಗಳಲ್ಲಿ ಕೆಲವು ಬೆಳಕಿನ ಮೊತ್ತದ ಭಾಗಗಳು, ಉಳಿದವು ಆ ಮೊತ್ತವನ್ನು ತಿದ್ದುವ ಸಾಧನಗಳು. ಈ ಭೇದವನ್ನು ಗಮನಿಸದೆ ಜೋಡಿಸಿದರೆ ಶಿಲ್ಪದ ಆಕಾರವೇ ತಪ್ಪಾಗಿ ಕಾಣುತ್ತದೆ ಎಂಬುದು ಈ ಲೇಖನದ ಪ್ರತಿಪಾದನೆ.

1. ಹಿನ್ನೆಲೆ

ಪಾಸ್ ಪದ್ಧತಿ ಎರಡು ಚಿಂತನೆಗಳ ಮೇಲೆ ನಿಂತಿದೆ. ಮೊದಲನೆಯದು ಬೆಳಕನ್ನು ಅಂಶಗಳಾಗಿ ಒಡೆಯುವುದು. ಬುಯಿ ತುವಾಂಗ್ ಫಾಂಗ್ 1975ರಲ್ಲಿ ಪ್ರಕಟಿಸಿದ ಮಾದರಿಯಲ್ಲಿ ಮೇಲ್ಮೈಯ ಒಂದು ಬಿಂದುವಿನ ಬೆಳಕು ಸುತ್ತಣ ಬೆಳಕು, ಚದುರಿದ ಬೆಳಕು ಮತ್ತು ಹೊಳಪು ಇವುಗಳ ಮೊತ್ತ. ಎರಡನೆಯದು ಬಿಡಿ ಚಿತ್ರಗಳನ್ನು ಕೂಡಿಸುವ ಗಣಿತ. ಥಾಮಸ್ ಪೋರ್ಟರ್ ಮತ್ತು ಟಾಮ್ ಡಫ್ 1984ರ ಸಿಗ್ರಾಫ್ ಪ್ರಬಂಧದಲ್ಲಿ ಇದಕ್ಕೆ ನಿಯಮಗಳನ್ನು ಕೊಟ್ಟರು. ಪಿಕ್ಸೆಲ್‌ನ ಎಷ್ಟು ಭಾಗವನ್ನು ವಸ್ತು ಆವರಿಸಿದೆ ಎಂದು ಹೇಳುವ ಆಲ್ಫಾ ಅವರ ಲೆಕ್ಕದ ಕೇಂದ್ರ. ಫೋಟೋಶಾಪ್‌ಗೆ 1994ರ ಮೂರನೇ ಆವೃತ್ತಿಯಲ್ಲಿ ಪದರಗಳು ಬಂದಾಗ ಈ ಬಗೆಯ ಜೋಡಣೆ ಒಬ್ಬಂಟಿ ಕಲಾವಿದನ ಮೇಜಿಗೂ ತಲುಪಿತು.

2. ಎರಡು ವರ್ಗಗಳು

ಝೀಬ್ರಷ್‌ನ ಬಿಪಿಆರ್ ರೆಂಡರ್ ಮುಖ್ಯ ಚಿತ್ರದ ಜೊತೆಗೆ ನೆರಳು, ಆಂಬಿಯೆಂಟ್ ಆಕ್ಲೂಷನ್, ಆಳ ಮತ್ತು ಮಾಸ್ಕ್ ಪಾಸ್‌ಗಳನ್ನು ಕೊಡುತ್ತದೆ. ಇವುಗಳಲ್ಲಿ ಯಾವುದೂ ಬೆಳಕಿನ ಪ್ರತ್ಯೇಕ ಪಾಲಲ್ಲ. ನೆರಳು ಮತ್ತು ಆಕ್ಲೂಷನ್ ಬೆಳಕನ್ನು ತಗ್ಗಿಸುವ ಗುಣಕಗಳು. ಆಳವೂ ಮಾಸ್ಕೂ ಬರೀ ಮಾಹಿತಿ. ಆದ್ದರಿಂದ ಇವನ್ನು ತಿದ್ದುವ ಪಾಸ್‌ಗಳು ಎನ್ನಬಹುದು.

ಇನ್ನೊಂದು ವರ್ಗವನ್ನು ಕಲಾವಿದರೇ ತಯಾರಿಸಿಕೊಳ್ಳುತ್ತಾರೆ. ಶಿಲ್ಪವನ್ನಾಗಲಿ ಕ್ಯಾನ್ವಾಸನ್ನಾಗಲಿ ಕದಲಿಸದೆ ಒಂದೊಂದೇ ದೀಪ ಉರಿಸಿ ರೆಂಡರ್ ಮಾಡುತ್ತಾರೆ. ಹೊಳಪು ಮಾತ್ರ ಬೇಕಾದಾಗ ಶಿಲ್ಪಕ್ಕೆ ಹೊಳೆಯುವ ಕಪ್ಪು ಮೆಟೀರಿಯಲ್ ಹಚ್ಚುತ್ತಾರೆ. ಕಪ್ಪು ಹಿನ್ನೆಲೆಯ ಈ ಚಿತ್ರಗಳು ನಿಜಕ್ಕೂ ಬೆಳಕಿನ ಭಾಗಗಳು. ಒಂದು ದೀಪದ ಬೆಳಕಿಗೆ ಇನ್ನೊಂದರದ್ದು ಅಡ್ಡಿಯಾಗುವುದಿಲ್ಲ; ಎರಡೂ ಬಿದ್ದಲ್ಲಿ ಅವುಗಳ ಮೊತ್ತ ಕಾಣುತ್ತದೆ. ಹಾಗಾಗಿ ಇವನ್ನು ಕೂಡಿಸುವುದು ಭೌತಶಾಸ್ತ್ರಕ್ಕೆ ಒಪ್ಪುವ ಕ್ರಿಯೆ.

3. ಒಂದು ಮಡಿಕೆಯ ಲೆಕ್ಕ

ವೃದ್ಧನ ಮುಖಶಿಲ್ಪವೊಂದರಲ್ಲಿ ಮೂಗಿನ ಹೊರಳೆಯ ಪಕ್ಕದಿಂದ ಬಾಯಿಯ ಅಂಚಿಗೆ ಇಳಿಯುವ ಮಡಿಕೆಯನ್ನು ಗಮನಿಸೋಣ. ಮುಖ್ಯ ದೀಪ ನೇರವಾಗಿ ಆ ಮಡಿಕೆಯೊಳಕ್ಕೆ ಬೀಳುತ್ತಿದೆ. ಅದರ ಪಾಲು 0.6, ಸುತ್ತಣ ಬೆಳಕಿನ ಪಾಲು 0.2 ಎಂದಿಟ್ಟುಕೊಳ್ಳೋಣ. ಮಡಿಕೆ ಆಳವಾಗಿರುವುದರಿಂದ ಆಕ್ಲೂಷನ್ ಬೆಲೆ 0.5.

ಸುತ್ತಲಿನಿಂದ ಬರುವ ಬೆಳಕಿಗೆ ಎಷ್ಟು ತಡೆಯಿದೆ ಎಂಬುದಷ್ಟೇ ಆಕ್ಲೂಷನ್ನಿನ ಅರ್ಥ. ಹಾಗಾಗಿ ಸರಿಯಾದ ಬೆಲೆ 0.6 ಕೂಡಿಸು 0.1, ಅಂದರೆ 0.7. ಆದರೆ ಆಕ್ಲೂಷನ್ ಪದರವನ್ನು ಎಲ್ಲಕ್ಕಿಂತ ಮೇಲಿಟ್ಟು ಮಲ್ಟಿಪ್ಲೈ ಮಾಡಿದರೆ 0.8ರ ಅರ್ಧ, 0.4 ಮಾತ್ರ ಉಳಿಯುತ್ತದೆ. ದೀಪ ಬೆಳಗುತ್ತಿರುವ ಮಡಿಕೆ ಮಸಿ ಮೆತ್ತಿದಂತಾಗಿ, ಇರುವುದಕ್ಕಿಂತ ಆಳವಾಗಿ ತೋರುತ್ತದೆ. ಶಿಲ್ಪಿ ಕೆತ್ತದ ಆಳವನ್ನು ಜೋಡಣೆ ಕೆತ್ತಿಬಿಟ್ಟಿತು. ಆಕ್ಲೂಷನ್ನನ್ನು ಸುತ್ತಣ ಬೆಳಕಿನ ಪದರಕ್ಕೆ ಮಾತ್ರ ಕ್ಲಿಪ್ ಮಾಡುವುದೇ ಇದಕ್ಕೆ ಪರಿಹಾರ. ನೆರಳಿಗೂ ಇದೇ ನ್ಯಾಯ: ಯಾವ ದೀಪದ ನೆರಳೋ ಆ ದೀಪದ ಪದರದ ಮೇಲಷ್ಟೇ ಅದು ಬೀಳಬೇಕು.

4. ಕೂಡಿಸುವ ವಿಧಾನ

ವಿಂಗಡಣೆ ಸರಿಯಿದ್ದರೂ ಸಂಖ್ಯೆಗಳ ಎನ್‌ಕೋಡಿಂಗ್ ಲೆಕ್ಕ ಕೆಡಿಸಬಲ್ಲದು. ಎಸ್‌ಆರ್‌ಜಿಬಿ ಚಿತ್ರದಲ್ಲಿ 128 ಎಂಬ ಬೆಲೆ ಗರಿಷ್ಠ ಬೆಳಕಿನ ಅರ್ಧವಲ್ಲ, ಸುಮಾರು ಶೇ. 22 ಮಾತ್ರ. ಅಂಥ ಎರಡು ಬೆಲೆಗಳನ್ನು ಲೀನಿಯರ್ ಡಾಡ್ಜ್ ಮೋಡ್‌ನಲ್ಲಿ ಹಾಗೆಯೇ ಕೂಡಿಸಿದರೆ ಅಪ್ಪಟ ಬಿಳಿ ಬರುತ್ತದೆ. ಬೆಳಕಿನ ಲೆಕ್ಕದಲ್ಲಿ ಬರಬೇಕಾದದ್ದು ಸುಮಾರು 176. ಸ್ಕ್ರೀನ್ ಮೋಡ್ ಮೊತ್ತವನ್ನು ಬಿಳಿಯ ಗಡಿ ದಾಟದಂತೆ ತಡೆಯುತ್ತದೆ, ಆದ್ದರಿಂದ ಅನೇಕರು ಅದನ್ನೇ ನೆಚ್ಚಿದ್ದಾರೆ. ಆದರೂ ಅದು ಒಂದು ಹೊಂದಾಣಿಕೆಯೇ ಹೊರತು ನಿಜವಾದ ಸಂಕಲನವಲ್ಲ. ಫೋಟೋಶಾಪ್‌ನ ಕಲರ್ ಸೆಟ್ಟಿಂಗ್ಸ್‌ನಲ್ಲಿ ಬ್ಲೆಂಡಿಂಗ್ ಗ್ಯಾಮಾವನ್ನು 1.0 ಮಾಡಿಕೊಂಡರೆ ಪದರಗಳು ಬೆಳಕಿನ ಲೆಕ್ಕದಂತೆಯೇ ಕೂಡುತ್ತವೆ.

ಆಳದ ಪಾಸ್‌ನಲ್ಲಿ ಬೇರೆಯದೇ ತೊಡಕು. 8 ಬಿಟ್‌ನಲ್ಲಿ ಉಳಿಸಿದರೆ ಇಡೀ ದೂರ 256 ಮೆಟ್ಟಿಲುಗಳಲ್ಲಿ ಅಡಗಬೇಕು. ಮಂಜನ್ನೋ ಮಸುಕನ್ನೋ ಸೇರಿಸಿದಾಗ ಪಟ್ಟಿಗಳು ಎದ್ದು ಕಾಣುತ್ತವೆ. ಅಂಚುಗಳನ್ನು ನಯಗೊಳಿಸಿದಾಗ ಕಿವಿಯ ಆಳವೂ ಹಿನ್ನೆಲೆಯ ಆಳವೂ ಬೆರೆತು, ಅಲ್ಲಿ ಯಾವ ವಸ್ತುವೂ ಇಲ್ಲದ ನಡುವಿನ ಬೆಲೆಯೊಂದು ಹುಟ್ಟುತ್ತದೆ. ಮಸುಕು ಹಚ್ಚಿದಾಗ ಆಕೃತಿಯ ಸುತ್ತ ಕಾಣುವ ತೆಳು ಗೆರೆಗೆ ಇದೂ ಒಂದು ಕಾರಣ.

5. ಸಮಾಪನ

ಇಷ್ಟರಿಂದ ಒಂದು ಸರಳ ಪರೀಕ್ಷೆ ಒದಗುತ್ತದೆ. ಎಲ್ಲ ದೀಪಗಳನ್ನೂ ಒಟ್ಟಿಗೆ ಉರಿಸಿ ಒಂದು ರೆಂಡರ್ ತೆಗೆದಿಡಬೇಕು. ಬಿಡಿ ಪದರಗಳನ್ನು ತಿದ್ದುಪಡಿಯಿಲ್ಲದೆ ಕೂಡಿಸಿ, ಡಿಫರೆನ್ಸ್ ಮೋಡ್‌ನಲ್ಲಿ ಆ ರೆಂಡರ್ ಜೊತೆ ಹೋಲಿಸಬೇಕು. ತೆರೆ ಕಪ್ಪಾದರೆ ವಿಂಗಡಣೆ ಸರಿ. ಎಲ್ಲಾದರೂ ಬೆಳಕು ಉಳಿದರೆ ಅಲ್ಲಿ ಯಾವುದೋ ಪಾಲು ಬಿಟ್ಟುಹೋಗಿದೆ, ಇಲ್ಲವೇ ಎರಡು ಬಾರಿ ಸೇರಿದೆ.

ಈ ಪರೀಕ್ಷೆ ಕಲಾವಿದನ ಸ್ವಾತಂತ್ರ್ಯವನ್ನು ಕಸಿಯುವುದಿಲ್ಲ. ಹಿಂಬದಿಯ ದೀಪವನ್ನು ನೀಲಿಯಾಗಿಸುವುದು, ಹೊಳಪನ್ನು ತಗ್ಗಿಸುವುದು, ಮಡಿಕೆಯನ್ನು ಬೇಕೆಂದೇ ಕಪ್ಪಾಗಿಸುವುದು ಎಲ್ಲವೂ ಅವನ ಹಕ್ಕು. ಆದರೆ ಮಡಿಕೆ ಕಪ್ಪಾದದ್ದು ತನ್ನ ನಿರ್ಧಾರದಿಂದಲೋ ಲೆಕ್ಕದ ತಪ್ಪಿನಿಂದಲೋ ಎಂಬುದು ಅವನಿಗೆ ತಿಳಿದಿರಬೇಕು. ತೆರೆಯ ಮೇಲಿನ ಶಿಲ್ಪವನ್ನು ಯಾರೂ ಮುಟ್ಟಿ ನೋಡಲಾರರು. ನೋಡುಗನಿಗೆ ಅದರ ಆಕಾರವನ್ನು ತಿಳಿಸುವುದು ಬೆಳಕು ನೆರಳುಗಳೇ. ಆದ್ದರಿಂದ ಪಾಸ್‌ಗಳ ಜೋಡಣೆಯನ್ನು ಕೊನೆಯ ಒಪ್ಪ ಎಂದು ಬದಿಗಿಡದೆ, ಶಿಲ್ಪರಚನೆಯದೇ ಒಂದು ಹಂತವೆಂದು ಕಲಿಸಬೇಕು, ಕಲಿಯಬೇಕು.