ಸೀರಿ ಉಟ್ಟ ಹುಡುಗ ಬಸವಣ್ಣ ಆದದ್ದು

(ಭಾಗ 1)

ನಮ್ಮ ಕಡೆ ಊರ ಜಾತ್ರಿ ಹತ್ರ ಬಂತು ಅಂದ್ರ ಗ್ವಾಡಿ ಮ್ಯಾಲ ನಾಟಕದ ಪೋಸ್ಟರ್ ಬೀಳ್ತದ. ಯಾದಗಿರಿ, ಶಹಾಪುರ, ಸುರಪುರ, ಯಾವ ಕಡಿ ಹೋಗ್ರಿ, ಇದು ತಪ್ಪಂಗಿಲ್ಲ. ಊರ ಹುಡುಗರೇ ಹೀರೋ, ಊರ ಹುಡುಗರೇ ವಿಲನ್. ಪರದೆ, ಲೈಟು ಡ್ರಾಮಾ ಸೀನ್ಸ್‌ನವರದು. ಪೋಸ್ಟರಿನಾಗ ದೊಡ್ಡ ಫೋಟೋ ಮಾತ್ರ ಹೊರಗಿನಿಂದ ಕರೆಸಿದ ನಟಿಯರದು.

ಹೋದ ವಾರ ಅಂಥದ್ದೇ ಒಂದು ನಾಟಕದ ಕ್ಲಿಪ್ ಹಾಕಿದ್ದೆ, ನೆನಪದ ಅಲ್ಲ? ಕೆಳಗ ಬಂದ ಕಾಮೆಂಟ್ ಓದಿ ನನಗೇ ನಾಚಿಕಿ ಬಂತು. ಆ ನಟಿಯ ಬಗ್ಗೆ ಏನೇನೋ ಬರೆದಿದ್ರಿ. ಆಕಿ ಹಾಡಿದ್ದು ಹ್ಯಾಂಗಿತ್ತು ಅಂತ ಒಬ್ಬರೂ ಬರೀಲಿಲ್ಲ. ನಡುವ ಒಬ್ಬ ಕ್ಲಾಸ್‌ಮೇಟ್ ಮಾತ್ರ ಒಂದು ಚೊಲೋ ಪ್ರಶ್ನಿ ಕೇಳಿದ: ‘ಮೊದಲ ಗಂಡಸರೇ ಸೀರಿ ಉಟ್ಟು ಹಾಡ್ತಿದ್ರಂತಲ್ಲ, ಖರೇನಾ?’

ಖರೇನೇ. ಅದಕ್ಕೆ ಉತ್ತರ ಕೊಡೋಕೆ ಒಬ್ಬರ ಬದುಕು ಸಾಕು. ಅವರ ಹೆಸರು ಏಣಗಿ ಬಾಳಪ್ಪ. ಹುಟ್ಟಿದ್ದು 1914ರಲ್ಲಿ, ಬೆಳಗಾವಿ ಜಿಲ್ಲೆಯ ಏಣಗಿ ಎಂಬ ಹಳ್ಳಿಯಲ್ಲಿ. ತೀರಿಕೊಂಡದ್ದು 2017ರ ಆಗಸ್ಟ್ 18ರಂದು. ಲೆಕ್ಕ ಹಾಕ್ರಿ, 103 ವರ್ಷ.

ಬೆಳಗಾವಿಯವರ ಕಥಿ ನಮಗ್ಯಾಕ ಅಂತ ಕೇಳಬಹುದು. 1948ರ ಸೆಪ್ಟೆಂಬರ್ ತನಕ ನಾವು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದೆವು, ಗುಲಬರ್ಗಾ ಜಿಲ್ಲೆ. ಅವರು ಮುಂಬೈ ಪ್ರಾಂತದಲ್ಲಿದ್ದರು. ಒಂದೇ ರಾಜ್ಯ ಆದದ್ದು 1956ರಲ್ಲಿ. ಆದ್ರ ನಾಟಕದ ನಕಾಶೆಯೇ ಬ್ಯಾರೆ ಇತ್ತು. ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗ ಸೀಮೆಯ ಕಂಪನಿ ನಾಟಕದ ರುಚಿಯೇ ನಮ್ಮ ಕಡೆಯ ಜನರ ನಾಲಿಗೆ ಮ್ಯಾಲೂ ಕುಂತದ್ದು. ಕಂದಗಲ್ ಹನುಮಂತರಾಯರ ‘ರಕ್ತರಾತ್ರಿ’ಯ ಡೈಲಾಗ್ ಹೊಡೆಯೋ ಅಜ್ಜ ನಿಮ್ಮ ಓಣ್ಯಾಗೂ ಒಬ್ಬ ಇರ್ತಾನ, ಕೇಳಿ ನೋಡ್ರಿ. ಮುಂದೆ ನಮ್ಮ ಸುರಪುರ ಸೀಮೆಯ ಎಲ್.ಬಿ.ಕೆ. ಆಲ್ದಾಳರಂಥ ನಾಟಕಕಾರರು ಬರೆದದ್ದೂ ಅದೇ ಗರಡಿಯ ನಾಟಕಗಳನ್ನ.

(ಭಾಗ 2)

ಬಾಳಪ್ಪ ಕಂಪನಿಗೆ ಬಂದಾಗ ಇನ್ನೂ ಹುಡುಗ. ಆಗ ಚೊಲೋ ಕಂಠ ಇರುವ, ಮುಖ ಲಕ್ಷಣ ಇರುವ ಹುಡುಗ ಸಿಕ್ಕರೆ ಕಂಪನಿ ಮಾಲೀಕರು ಬಿಡ್ತಿರಲಿಲ್ಲ. ಸೀತೆ ಬೇಕು, ದ್ರೌಪದಿ ಬೇಕು, ಆದ್ರೆ ಮರ್ಯಾದಸ್ತ ಮನೆತನದ ಹೆಣ್ಣುಮಗಳು ರಂಗದ ಮ್ಯಾಲ ಬರಬಾರದು ಅನ್ನುವ ಕಾಲ ಅದು. ಹೀಗಾಗಿ ಹುಡುಗರಿಗೇ ಸೀರಿ ಉಡಿಸೋರು. ಬಾಳಪ್ಪನವರ ಮೊದಲ ಹೆಸರು ಬಂದದ್ದೂ ಸ್ತ್ರೀಪಾತ್ರಗಳಿಂದಲೇ.

ಇದು ಬರೀ ವೇಷ ಅಂತ ತಿಳೀಬ್ಯಾಡ್ರಿ. ಅದು ಸಂಗೀತ ನಾಟಕ. ಪಾತ್ರಧಾರಿ ಹಾಡಲೇಬೇಕು, ಬೇರೆಯವರು ಹಿಂದಿನಿಂದ ಹಾಡೋದು ಅಂಬೋದು ಇಲ್ಲ. ಮೈಕ್ ಇಲ್ಲ. ತಗಡಿನ ಥೇಟರಿನಾಗ ಕಟ್ಟಕಡೆಗೆ ನೆಲದ ಮ್ಯಾಲ ಕುಂತವನಿಗೂ ಸಾಹಿತ್ಯ ಬಿಡಿಬಿಡಿಯಾಗಿ ಕೇಳಿಸಬೇಕು. ಅದಕ್ಕೇ ಶ್ರುತಿ ಏರಿಸಿ ಹಾಡೋರು. ಕಾಲಿಂದ ತುಳಿಯುವ ಹಾರ್ಮೋನಿಯಂ, ಪಕ್ಕದಲ್ಲಿ ತಬಲಾ, ಮುಂದೆ ಜನ. ಹಾಡು ಹಿಡಿಸಿದರೆ ‘ವನ್ಸ್ ಮೋರ್’ ಅಂತ ಕೂಗೋರು. ಸಾಯೋ ಸೀನಿನಾಗ ಸತ್ತು ಬಿದ್ದವ ಎದ್ದು ಕುಂತು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸತ್ತ ಅಂತ ನಗೆಚಾಟಿಕೆಗಳು ಎಲ್ಲಾ ಕಂಪನಿಗಳ ಬಗ್ಗೆಯೂ ಅದಾವ. ರಾತ್ರಿ ಶುರುವಾದ ಆಟ ಬೆಳಗಿನ ಜಾವಕ್ಕೆ ಮುಗಿಯೋದು. ಮರುದಿನ ಸಂಜೀಕ ಮತ್ತೆ ಬಣ್ಣ.

ಈಗ ಒಂದು ತೊಡಕು ನೋಡ್ರಿ. ಹುಡುಗನಿಗೆ ಹದಿನಾಲ್ಕು-ಹದಿನೈದು ಆಗ್ತದ, ದನಿ ಒಡೀತದ, ಮೀಸಿ ಬರ್ತದ. ಎಷ್ಟೋ ಹುಡುಗರ ರಂಗದ ಬದುಕು ಅಲ್ಲಿಗೇ ಮುಗೀತಿತ್ತು. ನಿನ್ನೆ ರಾಣಿ, ಇವತ್ತು ಪರದೆ ಎಳೆಯುವವ. ಸ್ತ್ರೀಪಾತ್ರದಿಂದ ಹೆಸರಾದವರಿಗೆ ಇದು ಸಾವು-ಬದುಕಿನ ಪ್ರಶ್ನೆ.

(ಭಾಗ 3)

ಇಲ್ಲಿ ಸ್ವಲ್ಪ ಮಹಾರಾಷ್ಟ್ರಕ್ಕೆ ಹೋಗಿ ಬರೋಣ, ಯಾಕಂದ್ರ ಹೋಲಿಸಿ ನೋಡಿದರೆ ಬಾಳಪ್ಪನವರು ಮಾಡಿದ್ದು ಎಂಥದ್ದು ಅಂತ ತಿಳೀತದ. ಮರಾಠಿ ರಂಗಭೂಮಿಯ ಬಾಲಗಂಧರ್ವ (1888–1967) ಹೆಸರು ಕೇಳಿರಬಹುದು. ಸ್ತ್ರೀಪಾತ್ರದಲ್ಲಿ ಅವರನ್ನು ಮೀರಿಸಿದವರಿಲ್ಲ. ಅವರು ಸೀರೆ ಉಟ್ಟ ರೀತಿ, ಮುಡಿ ಕಟ್ಟಿದ ರೀತಿಯನ್ನು ಹೆಂಗಸರೇ ನೋಡಿ ಕಲಿತರು. ಆದರೆ ವಯಸ್ಸಾಯಿತು, ಕಂಪನಿ ಸಾಲದಲ್ಲಿ ಮುಳುಗಿತು. 1935ರಲ್ಲಿ ಶಾಂತಾರಾಮರ ‘ಧರ್ಮಾತ್ಮಾ’ ಸಿನಿಮಾದಲ್ಲಿ ಗಂಡಸಿನ ಪಾತ್ರ ಮಾಡಿದರು, ಸಂತ ಏಕನಾಥ. ಜನಕ್ಕೆ ಬೇಕಾದದ್ದು ಆ ಬಾಲಗಂಧರ್ವ ಅಲ್ಲ. ಅವರು ಮತ್ತೆ ರಂಗಕ್ಕೆ ಬಂದರು, ಇಳಿವಯಸ್ಸಿನಲ್ಲೂ ಸೀರೆ ಉಟ್ಟು ನಿಂತರು. ಆ ಕಾಲದ ಕಥಿ ಓದಿದಾಗೆಲ್ಲ ನನಗೆ ಸಂಕಟ ಆಗ್ತದ. ಅವರ ಕಂಪನಿ ಸೇರಿ, ಅವರ ಜೊತೆಗೆ ನಿಂತ ಗೋಹರಬಾಯಿ ನಮ್ಮ ಬೀಳಗಿಯವರು ಅನ್ನೋದನ್ನೂ ಇಲ್ಲೇ ಹೇಳಿಬಿಡ್ತೀನಿ. ಆ ಹೆಣ್ಣುಮಗಳ ಮ್ಯಾಲೂ ಜನ ಕಡಿಮೆ ಮಾತಾಡಲಿಲ್ಲ. ನಿಮ್ಮ ಕಾಮೆಂಟಿಗೂ ಅದಕ್ಕೂ ದೊಡ್ಡ ಫರಕ್ ಏನಿಲ್ಲ.

ಬಾಳಪ್ಪ ಬೇರೆ ದಾರಿ ಹಿಡಿದರು. ಸೀರೆ ಬಿಟ್ಟು ಪುರುಷಪಾತ್ರಕ್ಕೆ ಬಂದರು. ಸ್ವಾತಂತ್ರ್ಯದ ಹೊತ್ತಿಗೆ ತಮ್ಮದೇ ಕಂಪನಿ ಕಟ್ಟಿ ನಿಲ್ಲಿಸಿದರು: ಕಲಾವೈಭವ ನಾಟ್ಯ ಸಂಘ, ಬೆಳಗಾವಿ. ತಾವು ಬಿಟ್ಟ ಜಾಗಕ್ಕೆ ಇನ್ನೊಬ್ಬ ಹುಡುಗನನ್ನು ತಂದು ಸೀರೆ ಉಡಿಸಿದ್ದರೆ ಹಳೇ ಕಥಿಯೇ ನಡೀತಿತ್ತು. ಅವರ ಕಂಪನಿಯಲ್ಲಿ ಹೆಣ್ಣಿನ ಪಾತ್ರಕ್ಕೆ ಹೆಣ್ಣುಮಕ್ಕಳೇ ಬಂದರು. ಅವರಲ್ಲಿ ಒಬ್ಬರು ಲಕ್ಷ್ಮೀಬಾಯಿ, ದೊಡ್ಡ ನಟಿ, ಬಾಳಪ್ಪನವರ ಬಾಳಸಂಗಾತಿಯೂ ಆದರು. ಅಂದ್ರ ಸ್ವತಃ ಹೆಣ್ಣುಪಾತ್ರ ಮಾಡಿ ಗೆದ್ದ ಗಂಡಸು, ಆ ಪಾತ್ರ ಹೆಣ್ಣುಮಕ್ಕಳಿಗೆ ಸೇರಬೇಕಾದದ್ದು ಅಂತ ಒಪ್ಪಿ ಪಕ್ಕಕ್ಕೆ ಸರಿದು ನಿಂತರು. ಇದು ನಾನು ಓದಿಕೊಂಡ ಅರ್ಥ. ಕಂಪನಿ ನಡೆಸೋ ಲೆಕ್ಕಾಚಾರವೂ ಇತ್ತು, ಇರಲಿಲ್ಲ ಅಂತ ಹೇಳಂಗಿಲ್ಲ. ನಟಿ ಬಂದರೆ ಟಿಕೇಟು ಹೋಗ್ತಿತ್ತು.

ಆಮೇಲೆ ಬಂದದ್ದು ‘ಜಗಜ್ಯೋತಿ ಬಸವೇಶ್ವರ’. ಬಾಳಪ್ಪ ಅಂದ್ರ ಬಸವಣ್ಣ, ಬಸವಣ್ಣ ಅಂದ್ರ ಬಾಳಪ್ಪ ಅನ್ನುವಷ್ಟು ಆ ಪಾತ್ರ ಅವರಿಗೆ ಅಂಟಿಕೊಂಡಿತು. ನಮ್ಮ ಕಡೆ ಜನ ಇದನ್ನ ಬೇಗ ಹಿಡೀತಾರ, ಯಾಕಂದ್ರ ಸುರಪುರ ತಾಲೂಕಿನ ತಿಂಥಣಿಯ ಮೌನೇಶ್ವರ, ಕೊಡೇಕಲ್ಲಿನ ಬಸವಣ್ಣ, ಶಹಾಪುರದ ಚರಬಸವೇಶ್ವರ ಅಂತ ಶರಣರ ಹೆಸರು ಹಿಡಿದೇ ನಮ್ಮ ಜಾತ್ರಿ ನಡೆಯೋದು. ವೇಷ ತೊಟ್ಟು ಶರಣ ಎದುರು ಬಂದು ನಿಂತರೆ ನಮ್ಮ ಮುದುಕರ ಕೈ ತಾನಾಗಿಯೇ ಜೋಡಿಸ್ತದ. ಏಕನಾಥನಾಗಿ ಬಾಲಗಂಧರ್ವರಿಗೆ ಸಿಗದ್ದು, ಬಸವಣ್ಣನಾಗಿ ಬಾಳಪ್ಪನವರಿಗೆ ಸಿಕ್ಕಿತು. ಯಾಕೆ? ಬಾಲಗಂಧರ್ವರ ಸೀರೆ ಅಷ್ಟು ದೊಡ್ಡದಾಗಿ ಬೆಳೆದಿತ್ತು, ಅದರಿಂದ ಹೊರಬರಲು ಜನರೇ ಬಿಡಲಿಲ್ಲ. ಬಾಳಪ್ಪ ಬೇಗ ಕಳಚಿಟ್ಟರು. ಜೊತೆಗೆ ಇನ್ನೊಂದು: ಹದಿಹರೆಯದಲ್ಲಿ ಹೆಣ್ಣಿನ ಪಾತ್ರಕ್ಕೆ ಕಲಿತ ಮೆತ್ತನೆಯ ನಡೆ, ತಗ್ಗಿದ ದನಿ ಬಸವಣ್ಣನಿಗೂ ಒಪ್ಪುವಂಥದ್ದು. ಭೀಮನಿಗೆ ಅದು ಕೆಲಸಕ್ಕೆ ಬರ್ತಿರಲಿಲ್ಲ!

(ಭಾಗ 4)

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥಿ, ಬೇಗ ಹೇಳ್ತೀನಿ. ಸಿನಿಮಾ ಬಂತು, ಆಮೇಲೆ ಟಿವಿ ಬಂತು. ಊರೂರಿಗೆ ಕ್ಯಾಂಪ್ ಹಾಕೋ ಕಂಪನಿಗೆ ನಟರ ಪಗಾರ, ಊಟ, ಥೇಟರು ಸಾಗಿಸೋ ಲಾರಿ ಬಾಡಿಗಿ, ಎಲ್ಲಾ ಮೈಮ್ಯಾಲ ಬಂತು. ಒಂದು ಮಳಿಗಾಲ ತಪ್ಪಿದ ಜಾಗದಾಗ ಕ್ಯಾಂಪ್ ಹಾಕಿದರೆ ಸಾಲ. ಸಂಗೀತ ಕಡಿಮೆಯಾಗಿ ದ್ವಂದ್ವಾರ್ಥದ ಹಾಸ್ಯ ಹೆಚ್ಚಾಯಿತು. ಕಲಾವೈಭವದ ಪರದೆಯೂ ಒಂದು ದಿನ ಇಳಿಯಿತು. ಬಾಳಪ್ಪನವರಿಗೆ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಬಂತು, ಸನ್ಮಾನಗಳು ಬಂದವು. ಮಗ ಏಣಗಿ ನಟರಾಜ ರಂಗಭೂಮಿಯಲ್ಲಿ, ಸಿನಿಮಾದಲ್ಲಿ ಹೆಸರು ಮಾಡಿದರು. 2012ರಲ್ಲಿ ಆ ಮಗನೂ ತೀರಿಕೊಂಡರು. ತಂದೆ ಇನ್ನೂ ಐದು ವರ್ಷ ಬದುಕಿದ್ದರು.

ಆ ಐದು ವರ್ಷದ ಬಗ್ಗೆ ನಾನು ಏನೂ ಬರೆಯಂಗಿಲ್ಲ. ನೂರರ ಹತ್ತಿರದ ಅಪ್ಪನ ಮುಂದೆ ಮಗ ಹೋಗೋದು ಅಂದ್ರ ಏನು ಅಂತ ನಿಮಗೂ ಗೊತ್ತದ.

1940ರ ದಶಕದ ಒಂದು ರಾತ್ರಿಯ ಆಟ ಹ್ಯಾಂಗಿತ್ತು ಅಂತ ನೋಡಾಕ ನಮಗ ರೀಲ್ಸ್ ಇಲ್ಲ. ಆಗಿನ ಕಂಠ ಆ ತಗಡಿನ ಥೇಟರಿನಾಗೇ ಉಳೀತು. ಉಳಿದದ್ದು ಕೆಲವು ಫೋಟೋ, ಕೇಳಿದವರ ನೆನಪು, ಮತ್ತ ಹ್ಯಾಂಡ್‌ಬಿಲ್ಲು. ಗುಲಾಬಿ, ಹಳದಿ ಬಣ್ಣದ ತೆಳ್ಳನ ಕಾಗದದ ಮ್ಯಾಲ ಅಚ್ಚು ಹಾಕಿ ಓಣಿ ಓಣಿಗೆ ಹಂಚೋರು. ಮ್ಯಾಲ ದೇವರ ಹೆಸರು, ನಡುವ ನಾಟಕದ ಹೆಸರು, ಕೆಳಗ ಕುರ್ಚಿ, ಬೆಂಚು, ನೆಲ ಅಂತ ಟಿಕೇಟಿನ ದರ.

ಅಂಥವು ನಮ್ಮ ಕಡೆಯ ಮನಿಗಳಾಗ ಇನ್ನೂ ಇರಬೇಕು. ಟ್ರಂಕಿನ ತಳಕ್ಕೆ ಹಾಸಿರ್ತಾರ, ಇಲ್ಲಾ ದೇವರ ಫೋಟೋದ ಹಿಂದ ಸೇರಿಸಿರ್ತಾರ. ಈ ಸಲ ರಜಾಕ್ಕ ಊರಿಗೆ ಹೋದಾಗ ನಿಮ್ಮ ಅಜ್ಜಿ, ಮುತ್ತ್ಯಾನ ಹತ್ರ ಕೇಳ್ರಿ. ಸಿಕ್ಕರೆ ನೇರ ಬೆಳಕಿನಾಗ ಒಂದು ಫೋಟೋ ಹೊಡೆದು, ಯಾವ ಊರು, ಯಾವ ವರ್ಷ ಅಂತ ಬರೆದು ನನಗ ಕಳಿಸ್ರಿ. ಅದರಾಗ ನಟಿಯರ ಹೆಸರು ಇದ್ದರೆ ಅದನ್ನ ದಪ್ಪ ಅಕ್ಷರದಾಗ ಬರೀರಿ. ಹಾಡಿದವರು ಯಾರು ಅಂತ ಮುತ್ತ್ಯಾನಿಗೆ ನೆನಪಿದ್ದರೆ ಅದನ್ನೂ.

ಹೋದ ವಾರದ ಆ ಕ್ಲಿಪ್ ನಾನು ಅಳಿಸಿಲ್ಲ. ಕಾಮೆಂಟ್ ಮಾತ್ರ ಬಂದ್ ಮಾಡೀನಿ. ಈಗ ಹೋಗಿ ಆಕಿ ಹಾಡಿದ ಎರಡನೇ ನಿಮಿಷ ಒಂದ್ಸಲ ಕೇಳ್ರಿ, ಹೆಡ್‌ಫೋನ್ ಹಾಕ್ಕೊಂಡು.

#ಏಣಗಿಬಾಳಪ್ಪ #ಕಂಪನಿನಾಟಕ #ರಂಗಗೀತೆ #ಯಾದಗಿರಿ #ಶಹಾಪುರ #ಸುರಪುರ